ಎಕರೆಗೆ ಐವತ್ತು ಪೈಸೆ

ವರದಿಗೆಂದು ನಾಗಲಮಡಿಕೆ ಕಡೆ ಹೋದರೆ ಪಾಸ್‌ಬುಕ್ ತೆಗೆದು ನಮ್ಮ ಕೈಗಿಡುತ್ತಾರೆ: "ಲೆಕ್ಕ ಸರಿ ಐತಾ ನೋಡಪ್ಪ." ಸೋಲಾರ್ ಪಾರ್ಕಿನ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಆಗ ಗುಂಟೆಗೆ ಸರಿಯಾಗಿ 525. ಒಂದು ಏರಿಕೆಗೆ ಎಕರೆಗೆ 22,050, ಗುಂಟೆಗೆ 551.25. ಕಂಪ್ಯೂಟರಿನ ಆ ಕಾಲಂ ಪೂರ್ಣಾಂಕದ್ದಾದರೆ 25 ಪೈಸೆ ಮಾಯ. 40 ಗುಂಟೆಗೆ 10 ರೂಪಾಯಿ.

ಏರಿಕೆಯ ಮೇಲೆ ಏರಿಕೆ ಹಾಕಿದರೆ 23,152.50. ಇಲ್ಲೇ ಇರೋದು ತಮಾಷೆ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಇದನ್ನು ರೌಂಡ್ ಮಾಡು ಎಂದರೆ 'ನ್ಯೂಮರಿಕ್' ಕಾಲಂ 23,153 ಅನ್ನುತ್ತದೆ, 'ಡಬಲ್ ಪ್ರಿಸಿಷನ್' ಸಾಮಾನ್ಯವಾಗಿ 23,152. ಅರ್ಧ ಬಂದಾಗ ಮೊದಲನೆಯದು ಮೇಲಕ್ಕೆ, ಎರಡನೆಯದು ಹತ್ತಿರದ ಸಮಸಂಖ್ಯೆಗೆ. ದುಡ್ಡಿಗೆ ನ್ಯೂಮರಿಕ್ಕೇ ಸರಿ ಅನ್ನೋದು ನಮ್ಮ ಮಾತು. ನೀವೂ ಗುಂಟೆ ಲೆಕ್ಕದಲ್ಲಿ ಗುಣಿಸಿ ನೋಡಿ, ರೌಂಡ್ ಮಾತ್ರ ಕೊನೆಗೆ ಒಂದೇ ಸಲ ಮಾಡಿ.