ಬುತ್ತಿ ಹಳಸದಷ್ಟು ದೂರ

ಧಾರವಾಡದ ಬಸ್ ನಿಲ್ದಾಣದಲ್ಲಿ ಮುಂಜಾನೆ ಹೊತ್ತು ನಿಂತವರಿಗೆ ಈ ನೋಟ ಗೊತ್ತು. ಹಳ್ಳಿಯಿಂದ ಮೊದಲ ಬಸ್ಸು ಬಂದು ನಿಲ್ಲುತ್ತದೆ. ಬಾಗಿಲಿಗೆ ಹತ್ತಾರು ಹುಡುಗರು ಮುತ್ತುತ್ತಾರೆ. ಇಳಿಯುವ ಮಂದಿಯ ಕಡೆ ಅವರ ಲಕ್ಷ್ಯವಿಲ್ಲ. ಕಣ್ಣೆಲ್ಲ ಡ್ರೈವರನ ಮಗ್ಗುಲಿನ ಬಾನೆಟ್ಟಿನ ಮೇಲೆ. ಅಲ್ಲಿ ಹಳೇ ಸೀರೆಯ ತುಂಡು, ಧೋತರದ ಅರಿವೆ, ಅಂಗಡಿಯ ಕೈಚೀಲ, ಹೀಗೆ ಸಿಕ್ಕಿದ್ದರಲ್ಲಿ ಕಟ್ಟಿದ ಗಂಟುಗಳು. ಒಳಗೆ ಬುತ್ತಿ. ಯಾವುದರ ಮೇಲೂ ಹೆಸರಿಲ್ಲ. ತನ್ನ ಅವ್ವನ ಸೀರೆಯ ಅಂಚು ಯಾವ ಹುಡುಗನಿಗೆ ಗುರುತು ಹತ್ತುವುದಿಲ್ಲ?

ನಾನೂ ಆ ಗುಂಪಿನಲ್ಲಿ ನಿಂತವನು. ಸಪ್ತಾಪುರದಲ್ಲಿ ಮೂವರು ಕೂಡಿ ಹಿಡಿದ ಒಂದು ಖೋಲಿ. ನವಲಗುಂದ ತಾಲ್ಲೂಕಿನ ಹಳ್ಳಿಯಲ್ಲಿ ಅವ್ವ. ಅವಳು ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಎಣ್ಣೆಗಾಯಿಯನ್ನೋ ಹೆಸರುಕಾಳಿನ ಪಲ್ಯವನ್ನೋ ಡಬ್ಬಿಗೆ ಹಾಕಿ, ಶೇಂಗಾದ ಹಿಂಡಿಯನ್ನು ಕಾಗದದಲ್ಲಿ ಮಡಚಿ ಆರರ ಬಸ್ಸಿಗೆ ಕೊಡುತ್ತಿದ್ದಳು. ನನ್ನ ಕೈಗೆ ಬರುವಾಗ ರೊಟ್ಟಿ ಇನ್ನೂ ಮೆತ್ತಗೆ, ನಡುವಿನ ಮಡಿಕೆಯಲ್ಲಿ ಬೆಚ್ಚಗೆ. ಸಂಜೆಯ ಬಸ್ಸಿಗೆ ಡಬ್ಬಿ ತಿರುಗಿ ಊರಿಗೆ ಹೋಗಬೇಕು. ಇಲ್ಲದಿದ್ದರೆ ನಾಳೆಯ ಬುತ್ತಿ ಇಲ್ಲ.

ನಮ್ಮ ಕಡೆ ಒಂದು ರೀತಿಯಿದೆ. ನೆರೆಮನೆಯಿಂದ ಬಂದ ಬಟ್ಟಲನ್ನು ಖಾಲಿ ತಿರುಗಿಸಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆದರೆ ಖೋಲಿಯ ಹುಡುಗನ ಹತ್ತಿರ ಸಕ್ಕರೆ ಎಲ್ಲಿಂದ ಬರಬೇಕು? ಡಬ್ಬಿ ತೊಳೆದು ಹಾಗೇ ಕಳಿಸುತ್ತಿದ್ದೆ. ಒಂದು ರವಿವಾರ ಊರಿಗೆ ಹೋದಾಗ ಅವ್ವ ಮೆಲ್ಲಗೆ ಅಂದಳು: “ಏನರೆ ಹಾಕಿ ಕಳಸೋ ತಮ್ಮಾ. ಒಂದ ಚೀಟಿ ಹಾಕಿದ್ರೂ ನಡೀತದ.” ಅವಳಿಗೆ ಓದಲು ಬರುತ್ತಿರಲಿಲ್ಲ. ಅಂದಿನಿಂದ ಚೀಟಿ ಹಾಕತೊಡಗಿದೆ. ತಂಗಿ ಓದಿ ಹೇಳುತ್ತಿದ್ದಳು.

ಇದೆಲ್ಲ ನೆನಪಾಗಲು ಕಾರಣವುಂಟು. ಪ್ರತಿ ವರ್ಷ ಮೇ ತಿಂಗಳಲ್ಲಿ, ಶಾಲೆಗಳು ಬಾಗಿಲು ತೆರೆಯುವ ಮುಂಚೆ, ಯಾರಾದರೊಬ್ಬರು ಹುಬ್ಬಳ್ಳಿಯ ನಮ್ಮ ಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. ಈ ಸಲ ಬಂದವರು ಅಣ್ಣಿಗೇರಿ ಕಡೆಯ ಬೀಗರು. ನಾಲ್ಕೆಕರೆ ಎರೆಹೊಲ, ಇಬ್ಬರು ಮಕ್ಕಳು, ಮುಪ್ಪಾದ ತಾಯಿ. “ಊರು ಬಿಟ್ಟು ಇಲ್ಲಿಗೇ ಬಂದ್ ಇರೋಣಂತ ಮಾಡೀವಿ. ನೀವೇನಂತೀರಿ?” ಎಂದರು.

ನಾನು ಹೇಳುವ ಉತ್ತರಕ್ಕೆ ಒಂದೇ ಅಳತೆಗೋಲು. ಹೋಗುವ ಊರಿಗೆ ಬುತ್ತಿ ಹಳಸದೆ ಮುಟ್ಟುತ್ತದೆಯೇ? ನಾನೂರು ಕಿಲೋಮೀಟರ್ ಆಚೆಯ ಬೆಂಗಳೂರಿಗೂ ನಮ್ಮ ರೊಟ್ಟಿ ಹೋಗುತ್ತದೆ. ಆದರೆ ಹೋಗುವುದು ಖಡಕ್ ರೊಟ್ಟಿ, ತಿಂಗಳಿಟ್ಟರೂ ಕೆಡದಂತೆ ಒಣಗಿಸಿದ್ದು. ಅಷ್ಟು ದೂರ ಹೋದ ಮಕ್ಕಳೊಡನೆ ಮಾತುಕತೆಯೂ ಹಾಗೇ ಒಣಗುತ್ತ ಹೋಗುವುದನ್ನು ಕಂಡಿದ್ದೇನೆ. ಫೋನಿನಲ್ಲಿ ಮಳೆ ಆಯಿತೇ, ಔಷಧ ತಗೊಂಡಿಯಾ ಎಂಬಷ್ಟೇ ಉಳಿಯುತ್ತದೆ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ, ಈ ನಾಲ್ಕರಲ್ಲಿ ಯಾವ ಊರಿನಿಂದ ಹೊರಟರೂ ಹುಬ್ಬಳ್ಳಿ ಒಂದು ತಾಸಿನ ಆಸುಪಾಸಿನ ಹಾದಿ. ಮುಂಜಾನೆ ಬಿಟ್ಟ ಮೆತ್ತನ ರೊಟ್ಟಿ ಮುಂಜಾನೆಯೇ ಮುಟ್ಟುತ್ತದೆ.

ಹುಬ್ಬಳ್ಳಿ–ಧಾರವಾಡ ಬೆಂಗಳೂರಿನಷ್ಟು ದೊಡ್ಡದೂ ಅಲ್ಲ, ತಾಲ್ಲೂಕಿನ ಪೇಟೆಯಷ್ಟು ಸಣ್ಣದೂ ಅಲ್ಲ. 1962ರಲ್ಲಿ ಎರಡೂ ಊರು ಕೂಡಿ ಒಂದೇ ಮಹಾನಗರಪಾಲಿಕೆಯಾದವು. 2011ರ ಜನಗಣತಿಯಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಮಂದಿ. ಈ ಮಂದಿಯಲ್ಲಿ ಯಾರನ್ನೇ ತಡೆದು “ಮೂಲ ಊರು ಯಾವುದು?” ಎಂದು ಕೇಳಿ. ಹುಬ್ಬಳ್ಳಿಯೇ ಎನ್ನುವವರಿಗಿಂತ ಮೊದಲು ಒಂದು ಹಳ್ಳಿಯ ಹೆಸರು ಹೇಳುವವರೇ ನನಗೆ ಹೆಚ್ಚು ಸಿಕ್ಕಿದ್ದಾರೆ.

ಬಂದದ್ದರಿಂದ ಆಗುವ ಒಳ್ಳೆಯದನ್ನು ಮೊದಲು ಹೇಳಬೇಕು. ಬೆಣ್ಣೆಹಳ್ಳ ಹೆಸರಿಗೆ ಹಳ್ಳ, ಮಳೆಗಾಲದಲ್ಲಿ ಹೊಳೆ. ಅದು ಏರಿದ ರಾತ್ರಿ ನಮ್ಮ ಅಕ್ಕನಿಗೆ ಹೆರಿಗೆ ನೋವು ಬಂತು. ಟ್ರ್ಯಾಕ್ಟರಿನಲ್ಲಿ ಕೌದಿ ಹಾಸಿ ಮಲಗಿಸಿಕೊಂಡು ಹೋದರು. ಸೇತುವೆಯ ಮೇಲೆ ನೀರು. ಬೆಳಗಿನವರೆಗೆ ಈಚೆ ದಂಡೆಯಲ್ಲೇ ಕಾದರು. ತಾಯಿ, ಮಗು ಉಳಿದವು. ಆದರೆ ಆ ರಾತ್ರಿಯನ್ನು ನೆನೆದರೆ ಅಪ್ಪನ ಧ್ವನಿ ಕಡೆಯವರೆಗೂ ನಡುಗುತ್ತಿತ್ತು. ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ, ಅದರ ದೊಡ್ಡ ಆಸ್ಪತ್ರೆಯಿದೆ. ರಿಕ್ಷಾದಲ್ಲಿ ಹತ್ತು ಮಿನಿಟಿನ ದೂರದಲ್ಲಿ ಆಸ್ಪತ್ರೆ ಇರುವ ಮನೆಯಲ್ಲಿ ಬಸುರಿಯನ್ನು ಇಟ್ಟುಕೊಳ್ಳುವ ನೆಮ್ಮದಿ ಏನೆಂಬುದು ಹಳ್ಳದ ಆಚೆಯವರಿಗೆ ಗೊತ್ತು. ಆದರೆ ಕೂಸು ಹುಟ್ಟುವುದು ಹುಬ್ಬಳ್ಳಿಯಲ್ಲಾದರೂ ತೊಟ್ಟಿಲು ಬರುವುದು ಕಲಘಟಗಿಯಿಂದ. ಬಣ್ಣ ಬಳಿದ ಆ ಕಟ್ಟಿಗೆ ತೊಟ್ಟಿಲಲ್ಲಿ ಕೂಸನ್ನು ಹಾಕದೆ ಹೆಸರಿಡುವುದು ನಮ್ಮ ಹೆಣ್ಣುಮಕ್ಕಳಿಗೆ ಸಮ್ಮತವಾಗುವುದಿಲ್ಲ.

ಓದಿನ ಮಾತೂ ಅಷ್ಟೇ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಬಂತು. ಮುಂಬಯಿಯಲ್ಲಿ ಶುರುವಾದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. 2003ರಲ್ಲಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ ಕೆಲಸ ಶುರು ಮಾಡಿತು, 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂತು. ಮೊದಲು ಹೊಲದ ವ್ಯಾಜ್ಯಕ್ಕೆ ಬೆಂಗಳೂರಿಗೆ ರಾತ್ರಿಯೆಲ್ಲ ಪ್ರಯಾಣ ಮಾಡುತ್ತಿದ್ದ ರೈತ ಈಗ ಹಾಲು ಹಿಂಡಿ ಹೊರಟು, ವಕೀಲರನ್ನು ಕಂಡು, ಸಂಜೆಯ ಹಾಲಿಗೆ ಮನೆ ಸೇರುತ್ತಾನೆ.

ಹೆಣ್ಣುಮಕ್ಕಳನ್ನು ಕೇಳಿದರೆ ಅವರ ಲೆಕ್ಕ ಬೇರೆ. ನಮ್ಮ ಓಣಿಯಲ್ಲಿ ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. “ಊರಾಗೂ ಇದ ರೊಟ್ಟಿ ಬಡೀತಿದ್ದೆ. ಅಲ್ಲೆ ಯಾರೂ ಎಣಸ್ತಿರಲಿಲ್ಲ, ಇಲ್ಲೆ ಎಣಿಸಿ ರೊಕ್ಕ ಕೊಡ್ತಾರ,” ಎಂದಳು. ಹೆಂಗಸಿನ ದುಡಿಮೆಗೆ ಲೆಕ್ಕ ಇಟ್ಟು ಕೊಡುವುದು ಪಟ್ಟಣದ ದೊಡ್ಡ ಗುಣ. ಅದನ್ನು ಯಾವ ಹಳ್ಳಿಯ ಚೆಲುವಿನ ಹೆಸರಿನಲ್ಲೂ ಸಣ್ಣದು ಮಾಡಲು ನನಗೆ ಮನಸ್ಸಿಲ್ಲ.

ಇನ್ನು ಕಳೆದುಕೊಳ್ಳುವ ಮಾತು. ಹಳ್ಳಿಯಲ್ಲಿ ಮಜ್ಜಿಗೆ ಮಾರುವುದಿಲ್ಲ, ಕೊಡುತ್ತಾರೆ. ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಮುಷ್ಟಿ ಕೊತ್ತಂಬರಿ ಇವುಗಳಿಗೆ ಬೆಲೆ ಇದೆ ಎಂಬುದು ಹುಬ್ಬಳ್ಳಿಗೆ ಬಂದ ಮೊದಲ ವಾರದ ಪಾಠ. ಎರಡನೆಯ ಪಾಠ ಬಾಡಿಗೆ. ಮೂರನೆಯದು ಕಠಿಣ: ಮುಯ್ಯಾಳು ಇಲ್ಲ. ಊರಲ್ಲಿ ನಿಮ್ಮ ಕಳೆಗೆ ನಾವು, ನಮ್ಮ ಕಳೆಗೆ ನೀವು ಎಂದು ಕೈ ಕೂಡಿಸುತ್ತಿದ್ದವರು ಮದುವೆಗೂ ಮಣ್ಣಿಗೂ ಅದೇ ಲೆಕ್ಕದಲ್ಲಿ ನಿಲ್ಲುತ್ತಿದ್ದರು. ಪಟ್ಟಣದಲ್ಲಿ ಅಂಥ ನಾಲ್ಕು ಮನೆ ಗಳಿಸಲು ಹತ್ತು ವರ್ಷ ಬೇಕು.

ಅಪ್ಪನನ್ನು ಕರೆದುಕೊಂಡು ಬಂದಿದ್ದೆ. ಹದಿನೈದು ದಿನ ಇದ್ದ. ಒಂದು ರಾತ್ರಿ ಚಲೋ ಮಳೆಯಾಯಿತು. ಮುಂಜಾನೆ ಎದ್ದು ಬಾಗಿಲಲ್ಲಿ ನಿಂತು ಅಂದ: “ಸಪ್ಪಳ ಕೇಳ್ತು, ಮಳೀ ವಾಸನಿ ಬರಲಿಲ್ಲ.” ಡಾಂಬರಿನ ಮೇಲೆ ಬಿದ್ದ ಮಳೆ ಅವನಿಗೆ ಮಳೆಯೇ ಆಗಿರಲಿಲ್ಲ. ಎರೆ ನೆನೆದ ವಾಸನೆಯ ಮೇಲೆ ಕಡಲೆ ಬಿತ್ತುವ ದಿನ ಹೇಳುತ್ತಿದ್ದ ಮನುಷ್ಯ. ಆ ವಿದ್ಯೆಗೆ ಇಲ್ಲಿ ಕೆಲಸವಿರಲಿಲ್ಲ. ಮರುದಿನವೇ ಊರಿಗೆ ಹೊರಟ. ನಾನು ತಡೆಯಲಿಲ್ಲ. ಊರು ಬಿಡುವ ಲೆಕ್ಕ ಹಾಕುವಾಗ ಮಕ್ಕಳ ಫೀ, ಬಾಡಿಗೆ, ಪಗಾರ ಎಲ್ಲ ಬರೆದುಕೊಳ್ಳುತ್ತೇವೆ. ಮುಪ್ಪಾದವರ ಬಲ್ಲತನ ನಿರುದ್ಯೋಗಿಯಾಗುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ಹೊಲವನ್ನು ಲಾವಣಿಗೆ ಕೊಟ್ಟು ಬಂದವರ ಕಷ್ಟ ಇನ್ನೊಂದು ತರಹ. ಮೊದಲ ವರ್ಷ ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಹೋಗಿ ಚರಗ ಚೆಲ್ಲುತ್ತಾರೆ. ಎರಡನೆಯ ವರ್ಷ ಗಂಡಸೊಬ್ಬ ಬೈಕಿನಲ್ಲಿ ಹೋಗಿ ಬರುತ್ತಾನೆ. ನಾಲ್ಕನೆಯ ವರ್ಷ ಲಾವಣಿ ಹಿಡಿದವನೇ ಚೆಲ್ಲುತ್ತಾನೆ. ಭೂಮಿ ಕಾಗದದಲ್ಲಿ ನಮ್ಮದಾಗಿಯೇ ಇರುತ್ತದೆ, ಆದರೆ ಅದಕ್ಕೆ ಉಣಿಸುವವರು ಬೇರೆಯಾಗಿರುತ್ತಾರೆ.

ನೀರಿನ ಮಾತು ಬಾರದೆ ನಮ್ಮ ಸೀಮೆಯ ಯಾವ ಹರಟೆಯೂ ಮುಗಿಯುವುದಿಲ್ಲ. ನವಲಗುಂದ ಕಡೆ ನೆಲದೊಳಗಿನ ನೀರು ಸವಳು. ಊರಿಗೊಂದು ಕೆರೆ; ಕೆರೆ ತುಂಬಬೇಕಾದರೆ ಮಲಪ್ರಭೆಯ ಕಾಲುವೆ ಹರಿಯಬೇಕು. ಅದೇ ಕಾಲುವೆಯ ನೀರಿನ ಕರಕ್ಕಾಗಿ ಸಿಟ್ಟಿಗೆದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿತು. ನೀರಿಗೆ ಬೇಸತ್ತು ಪಟ್ಟಣಕ್ಕೆ ಬಂದರೆ ಇಲ್ಲಿಯೂ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ದಿನಾ ಬರುವುದಿಲ್ಲ. ಬಂದ ದಿನ ಮನೆಯ ಪಾತ್ರೆಗಳೆಲ್ಲ ಅಂಗಳಕ್ಕಿಳಿಯುತ್ತವೆ. ಆ ನೀರು ಎಲ್ಲಿಂದ? ನವಿಲುತೀರ್ಥದ ಅಣೆಕಟ್ಟಿನಿಂದ, ಅದೇ ಮಲಪ್ರಭೆ. ಇನ್ನೊಂದು ಆಸರೆ ನೀರಸಾಗರ. ಅದು ಕಲಘಟಗಿ ತಾಲ್ಲೂಕಿನ ನೆಲದ ಮೇಲೆ ನಿಂತ ನೀರು. ಹಳ್ಳಿ ಬಿಟ್ಟು ಬಂದವನ ಕೊಡದಲ್ಲಿಯೂ ಹಳ್ಳಿಯ ಪಾಲಿನದೇ ನೀರು. ಇದನ್ನು ಅಣ್ಣಿಗೇರಿಯ ಬೀಗರಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಪಟ್ಟಣವೇ ಹಳ್ಳಿಗೆ ಹೋದ ಕಥೆಯೂ ನಮ್ಮಲ್ಲಿದೆ. ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆ ಹುಬ್ಬಳ್ಳಿಯಲ್ಲಿ. ಅವರ ಗುರು ಸವಾಯಿ ಗಂಧರ್ವರು ಕುಂದಗೋಳದಲ್ಲಿ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಗಂಗೂಬಾಯಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳದಲ್ಲಿ ಇಳಿದು ಪಾಠ ಹೇಳಿಸಿಕೊಂಡು ತಿರುಗಿ ಬರುತ್ತಿದ್ದರು. ಭೀಮಸೇನ ಜೋಶಿಯವರಂತೂ ದೊಡ್ಡ ದೊಡ್ಡ ಊರುಗಳಲ್ಲೆಲ್ಲ ಗುರುವನ್ನು ಹುಡುಕಿ, ಕಡೆಗೆ ಅದೇ ಕುಂದಗೋಳದಲ್ಲಿ ಗುರುವಿನ ಮನೆಯ ಕೆಲಸ ಮಾಡಿಕೊಂಡು ಕಲಿತರು. ನಾಡಗೀರ ವಾಡೆಯಲ್ಲಿ ಇಂದಿಗೂ ಗುರುವಿನ ನೆನಪಿಗೆ ರಾತ್ರಿಯಿಡೀ ಹಾಡುತ್ತಾರೆ. ವಿದ್ಯೆ ಇರುವ ಕಡೆಗೆ ಜನ ಹೋಗುತ್ತಾರೆ. ಅದು ಹಳ್ಳಿಯಲ್ಲಿದ್ದರೆ ರೈಲು ಹಿಡಿದು ಹಳ್ಳಿಗೇ ಹೋಗುತ್ತಾರೆ. ಒಳ್ಳೆಯ ಮಾಸ್ತರನೊಬ್ಬ, ರಾತ್ರಿ ಉಳಿಯುವ ಡಾಕ್ಟರೊಬ್ಬರು ತಾಲ್ಲೂಕಿನಲ್ಲೇ ಇದ್ದರೆ ನಮ್ಮ ಬೀಗರು ಮೇ ತಿಂಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದದ್ದು ಮಾವಿನಹಣ್ಣು ಕೊಡಲಿಕ್ಕೆ ಮಾತ್ರ.

ಅಣ್ಣಿಗೇರಿಯವರಿಗೆ ಅವರ ಊರಿನದೇ ಒಂದು ಮಾತು ನೆನಪಿಸಿದೆ. ಪಂಪ ಹತ್ತನೆಯ ಶತಮಾನದಲ್ಲಿ ಕಾವ್ಯ ಬರೆದದ್ದು ದೂರದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಅವನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರ್ಕ್ಯಾಲದ ಬೆಟ್ಟದಲ್ಲಿ ಶಾಸನ ಕೆತ್ತಿಸಿದ. ಅದರಲ್ಲಿ ತಾಯಿ ಅಬ್ಬಣಬ್ಬೆಯನ್ನು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಬರೆಸಿದ. ಅರಸರ ನೆರಳಿನಲ್ಲಿ ಬಾಳಿದ ಮನೆತನ ಅವ್ವನ ಊರನ್ನು ಕಲ್ಲಿನಲ್ಲಿ ಹಾಕಿ ಉಳಿಸಿತು. ಆ ಒಂದು ಸಾಲು ಇಲ್ಲದಿದ್ದರೆ ಪಂಪನಿಗೂ ಅಣ್ಣಿಗೇರಿಗೂ ಇದ್ದ ಈ ನಂಟು ನಮಗೆ ತಿಳಿಯುತ್ತಿರಲಿಲ್ಲ.

ಬೀಗರಿಗೆ ಕಡೆಗೆ ಹೇಳಿದ್ದಿಷ್ಟು: ಬನ್ನಿ. ಮಕ್ಕಳ ಓದಿಗೆ, ತಾಯಿಯ ಔಷಧಕ್ಕೆ ಬನ್ನಿ. ಆದರೆ ಮನೆಗೆ ಕೀಲಿ ಹಾಕಿ ಬರಬೇಡಿ, ಹೊಲವನ್ನು ಪೂರ್ತಿ ಪರರ ಕೈಗೆ ಒಪ್ಪಿಸಿ ಬರಬೇಡಿ. ಅಣ್ಣಿಗೇರಿಯಿಂದ ರೈಲಿದೆ, ಬಸ್ಸಿದೆ. ವಾರಕ್ಕೊಮ್ಮೆ ಹೋಗಿಬರಬಹುದಾದ್ದರಿಂದಲೇ ಈ ಊರನ್ನು ಆರಿಸಿಕೊಳ್ಳುತ್ತಿದ್ದೀರಿ. ಹೋಗಿಬರುವುದನ್ನು ಬಿಟ್ಟರೆ ಹುಬ್ಬಳ್ಳಿಯೂ ಬೆಂಗಳೂರಿನಷ್ಟೇ ದೂರ.

2023ರ ಜೂನಿನಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡಿಲ್ಲ. ಹಾಗಾಗಿ ಈಗ ಎಷ್ಟೋ ಸಲ ಬುತ್ತಿಯ ಜೊತೆ ತಾಯಂದಿರೇ ಇಳಿಯುತ್ತಾರೆ. ಮಗ ಉಣ್ಣುವುದನ್ನು ನಿಲ್ದಾಣದ ಕಟ್ಟೆಯ ಮೇಲೆ ಕೂತು ನೋಡಿ, ಖಾಲಿಯಾದ ಡಬ್ಬಿಯನ್ನು ಸೆರಗಿನಿಂದ ಒರೆಸಿ, ತಿರುಗಿ ಬಸ್ಸು ಹತ್ತುತ್ತಾರೆ. ಹೋದ ವಾರ ಅಂಥ ಒಬ್ಬ ಹುಡುಗ ಓಡಿಹೋಗಿ ಪೇಡೆಯ ಸಣ್ಣ ಪೊಟ್ಟಣ ತಂದು, ಕಿಟಕಿಯೊಳಗೆ ಕೈ ಹಾಕಿ, ಅವ್ವನ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳ ತಾನೇ ತೆಗೆದು ಅದರಲ್ಲಿಟ್ಟ. ಬಸ್ಸು ಹೊರಟಿತು. ಅವನಿಗೆ ಆ ರೀತಿಯನ್ನು ಯಾರೋ ಕಲಿಸಿದ್ದರು.