ಅಳಿವೆಯಲ್ಲೊಂದು ಮಳೆಯಿರುಳು

ಕವಿ ಬೈರನ್ 1824ರಲ್ಲಿ ತೀರಿಕೊಂಡ ಗ್ರೀಸಿನ ಮೆಸೊಲೊಂಗಿಯ ಹಿನ್ನೀರಿನಲ್ಲಿ ಕೆಲವರು ಚಳಿಗಾಲವನ್ನು ನಾವೆಯಲ್ಲೇ ಕಳೆಯುವರಂತೆ. ನಮ್ಮ ಹೊನ್ನಾವರದಲ್ಲಿ ನಾವೆಗಳು ತಂಗುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಅವನ್ನು ಶರಾವತಿಯ ಅಳಿವೆಯೊಳಗೆ ಕಟ್ಟಿ ನಿಲ್ಲಿಸುತ್ತಾರೆ.

ಕೆರೆಯ ನೀರನ್ನಲ್ಲದೆ ಬೇರೊಂದನ್ನರಿಯದ ಕೋರದವರಾದ ನಾವು ಒಂದಿರುಳು ಅಂತಹ ದೋಣಿಯಲ್ಲಿ ತಂಗಿದೆವು. ಕಾವಲಿನ ಮುದುಕನು ಗಳಿಗೆಗೊಮ್ಮೆ ಎದ್ದು ಮಳೆನೀರನ್ನು ಮೊಗೆದು ಚೆಲ್ಲುವನು, ಹಗ್ಗವನ್ನು ಮುಟ್ಟಿ ನೋಡುವನು. "ಇದು ತುಂಡಾದರೆ ಅನ್ನವೇ ಹೋದ ಹಾಗೆ, ಮಾಸ್ತರೇ" ಎಂದನು. ಅವನ ಮನೆಯ ದೀಪವು ದಡದಲ್ಲೇ ಕಾಣುತ್ತಿತ್ತು.

ಹದಿನಾಲ್ಕನೆಯ ಶತಮಾನದಲ್ಲಿ ಈ ಊರಿಗೆ ಬಂದ ಇಬ್ನ್ ಬತೂತನು ಬಾಲಕಿಯರ 13, ಬಾಲಕರ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. (ಉಪಾಧ್ಯಾಯರಿಗೆ ನೆನಪುಳಿಯುವುದು ಇಂತಹ ಲೆಕ್ಕವೇ!) ಮುದುಕನಿಗೆ ಹೇಳಿದೆವು. ಅವನು ನಕ್ಕು, ತನ್ನ ಮೊಮ್ಮಗಳೂ ಶಾಲೆಗೆ ಹೋಗುತ್ತಾಳೆಂದು ಹೇಳಿ, ಪುನಃ ನೀರು ಮೊಗೆಯತೊಡಗಿದನು.