ಬಿ.ಸಿ.ರೋಡಿನಲ್ಲಿ ಒಂದು ಮಧ್ಯಾಹ್ನ

ಮಂಗಳೂರಿನಿಂದ ಧರ್ಮಸ್ಥಳಕ್ಕೆ ಬಸ್ಸಿನಲ್ಲಿ ಹೋದವರೆಲ್ಲ ಬಿ.ಸಿ.ರೋಡನ್ನು ದಾಟಿಯೇ ಇರುತ್ತೀರಿ. "ಇದ್ಯಾವ ಊರಪ್ಪಾ, ಇಂಗ್ಲಿಷ್ ಹೆಸರು!" ಅಂದುಕೊಂಡಿರಲೂ ಬಹುದು. ಬಂಟ್ವಾಳ ಕ್ರಾಸ್ ರೋಡ್ ಎಂಬುದೇ ಜನರ ಬಾಯಲ್ಲಿ ಮೊಟಕಾಗಿ ಬಿ.ಸಿ.ರೋಡ್ ಆಯಿತು. ಮಂಗಳೂರಿನಿಂದ ಸುಮಾರು 25 ಕಿಲೋಮೀಟರು. ಫರಂಗಿಪೇಟೆ, ತುಂಬೆ ದಾಟುವಾಗ ಬಲಗಡೆ ನೇತ್ರಾವತಿ ಜೊತೆಗೇ ಬರುತ್ತಾಳೆ. ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಸೇತುವೆ ದಾಟಿ ಪಾಣೆಮಂಗಳೂರು, ಕಲ್ಲಡ್ಕದ ಕಡೆ. ಇನ್ನೊಂದು ಬಂಟ್ವಾಳ ಪೇಟೆ, ಬೆಳ್ತಂಗಡಿಯ ಕಡೆ. 1974ರ ನೆರೆಯಲ್ಲಿ ಹೊಳೆಬದಿಯ ಬಂಟ್ವಾಳ ಪೇಟೆ ಮುಳುಗಿದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ.

ನಾನು ಅಲ್ಲಿ ಇಳಿದದ್ದು ನೆಂಟರ ಮನೆಗೆಂದು. ಊಟವಾದ ಮೇಲೆ ಹಿತ್ತಲ ಬದಿಯ ಮನೆಯ ಜಗಲಿಯಲ್ಲಿ ಕೂತೆ. ಆ ಮನೆಯಾಕೆ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ, ಸುತ್ತಿ, ನೂಲು ಕಟ್ಟಿ, ಬಾಯಿ ಮಡಚುವುದು; ಮಾತಾಡುತ್ತಿದ್ದರೂ ಬೆರಳು ನಿಲ್ಲುವುದಿಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಬ್ರಾಂಚಿಗೆ ಒಯ್ದರೆ ಸರಿಯಿಲ್ಲದ್ದನ್ನು ಬದಿಗೆ ಹಾಕುತ್ತಾರೆ. ಹುಡಿಯ ಘಾಟಿಗೆ ಕೆಮ್ಮು ಬರುತ್ತದೆ, ಬೆನ್ನು ನೋಯುತ್ತದೆ. ಆದರೂ ಈ ತಾಲೂಕಿನಲ್ಲಿ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಪುಸ್ತಕ, ಹೆಣ್ಣುಮಕ್ಕಳ ಕಿವಿಯ ಓಲೆ ಬಂದದ್ದು ಆ ಗೆರಸೆಯಿಂದಲೇ.

"ಅಕ್ಕಾ, ನಾನು ಮಾಡಿದ್ದು ಸರಿಯಾ ತಪ್ಪಾ, ನೀವೇ ಹೇಳಿ" ಅಂದರು ಆಕೆ.

ದೊಡ್ಡ ಮಗಳಿಗೆ ಒಂದು ಸಂಬಂಧ ಬಂದಿತ್ತಂತೆ. ತಂದವನು ದಲ್ಲಾಳಿ. ವರ ದೂರದ ರಾಜ್ಯದವನು, ಪರದೇಶದಲ್ಲಿ ಕೆಲಸವಂತೆ. ವರದಕ್ಷಿಣೆ ಬೇಡ, ಬಂಗಾರ ಬೇಡ, ಮದುವೆ ಖರ್ಚೂ ಅವರದ್ದೇ. ಮೇಲಿಂದ ಮನೆ ರಿಪೇರಿಗೆ ಅಂತ ಕೈಗೆ ಸ್ವಲ್ಪ ದುಡ್ಡೂ ಕೊಡುತ್ತಾರಂತೆ. ಆದರೆ ಹದಿನೈದು ದಿನದೊಳಗೆ ಆಗಬೇಕು, ಅದೂ ಅವರ ಊರಿನಲ್ಲಿ. ಇವರ ಕಡೆಯಿಂದ ಇಬ್ಬರು ಬಂದರೆ ಸಾಕು.

"ನಾನು ಹೇಳಿದೆ, ಮೂರು ತಿಂಗಳು ಬಿಟ್ಟು ಬನ್ನಿ, ಮೊದಲು ನಾವು ಮನೆ ನೋಡಿ ಬರುತ್ತೇವೆ ಅಂತ. ಆಮೇಲೆ ಆ ಮನುಷ್ಯ ಈ ಕಡೆ ತಲೆ ಹಾಕಲಿಲ್ಲ. ಮೈದುನ ಈಗಲೂ ಬೈತಾರೆ, ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದ್ದೆ ಅಂತ."

ಸೋದರಿಯರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಎರಡು ಮೂರು ಹೆಣ್ಣುಮಕ್ಕಳಿರುವ ಬಡ ಮನೆಯಲ್ಲಿ "ವರದಕ್ಷಿಣೆ ಬೇಡ" ಎಂಬ ಮಾತು ಎಷ್ಟು ಸಿಹಿ! 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದರೂ ಕೊಡುವ ಕಷ್ಟ ತಪ್ಪಿಲ್ಲ. ಆ ಕಷ್ಟವನ್ನು ಕಂಡೇ ಕೆಲವರು ಬಲೆ ಹಾಕುತ್ತಾರೆ.

1991ರ ಸಂಗತಿ ಕೆಲವರಿಗೆ ನೆನಪಿರಬಹುದು. ಹೈದರಾಬಾದಿನಿಂದ ದಿಲ್ಲಿಗೆ ಹೊರಟ ವಿಮಾನದಲ್ಲಿ ಹತ್ತು ವರ್ಷ ವಯಸ್ಸಿನ ಹುಡುಗಿಯೊಬ್ಬಳು ಅಳುತ್ತಿದ್ದಳು. ಪಕ್ಕದಲ್ಲಿ ಕೂತ ಸೌದಿಯ ಮುದುಕ ಅವಳ "ಗಂಡ". ಬಡ ಆಟೋ ಚಾಲಕನ ಮಗಳು. ಗಗನಸಖಿ ಅಮೃತಾ ಅಹ್ಲುವಾಲಿಯಾ ಸುಮ್ಮನಿರದೆ ವಿಚಾರಿಸಿದ್ದರಿಂದ ವಿಷಯ ಹೊರಬಂತು. ರಜೆಯಲ್ಲಿ ಬಂದು, ದುಡ್ಡು ಕೊಟ್ಟು, ಮದುವೆಯ ಹೆಸರಿನಲ್ಲಿ ಹೆಣ್ಣನ್ನು ಪಡೆಯುವುದು ಮದುವೆಯಲ್ಲ, ವ್ಯಾಪಾರ.

ಇದನ್ನು ಒಂದು ಮತದವರ ತಲೆಗೆ ಕಟ್ಟಬೇಡಿ. ನಮ್ಮ ಉತ್ತರ ಕರ್ನಾಟಕದಲ್ಲಿ ದೇವರ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದರು. ಅದನ್ನು ತಡೆಯಲು 1982ರಲ್ಲಿ ಕಾನೂನು ಬರಬೇಕಾಯಿತು. ಗೋವಾದ ಬೈನಾ ಕಡಲತೀರದ ಕೇರಿಯಲ್ಲಿ ನಮ್ಮ ರಾಜ್ಯದ ಎಷ್ಟೋ ಹೆಣ್ಣುಮಕ್ಕಳಿದ್ದರು. 2004ರಲ್ಲಿ ಅಲ್ಲಿ ಗುಡಿಸಲುಗಳನ್ನು ಕೆಡವಿದಾಗ ಅವರು ಬೀದಿಗೆ ಬಿದ್ದರು. ಅದೇ ಗೋವಾದ ಮಡಗಾಂವ್ ಹತ್ತಿರ ಫ್ರೆಡಿ ಪೀಟ್ಸ್ ಎಂಬಾತ ಅನಾಥ ಮಕ್ಕಳ ಆಶ್ರಮ ನಡೆಸಿ ಊರಿನವರಿಂದ ದಾನಿ ಎನಿಸಿಕೊಂಡಿದ್ದ. ಆ ಮಕ್ಕಳನ್ನೇ ಪ್ರವಾಸಕ್ಕೆ ಬಂದ ಪರದೇಶಿಗಳಿಗೆ ಒಪ್ಪಿಸುತ್ತಿದ್ದನೆಂದು 1991ರಲ್ಲಿ ಬಯಲಾಯಿತು. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಹಾಗಾದರೆ ಹೊರಗಿನವರ ಸಹಾಯವೇ ಕೆಟ್ಟದ್ದೋ? ಹಾಗೆ ಹೇಳಿದರೆ ನಾಲಿಗೆ ಹುಳಿಯಾದೀತು. ಹಿಂದೆ ಅಮೆರಿಕದ ಕೇರ್ ಸಂಸ್ಥೆ ಕಳಿಸಿದ ಗೋಧಿಯ ಸಜ್ಜಿಗೆ, ಹಾಲಿನ ಹುಡಿ ನಮ್ಮ ಶಾಲೆಗಳಿಗೆ ಬರುತ್ತಿತ್ತು. ಅದನ್ನು ತಿಂದೇ ಪಾಠ ಕಲಿತವರು ನಿಮ್ಮಲ್ಲೂ ಇದ್ದೀರಿ, ಅಲ್ವೇ? 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಧರ್ಮ ಹೇಳಲು ಬಂದವರು, ನಿಜ. ಆದರೆ ಮನೆ ಮಠ ಬಿಟ್ಟು ಬಂದವರಿಗೆ ಬರಿಯ ದಾನ ಸಾಲದೆಂದು ತಿಳಿದು ನೇಯ್ಗೆ ಕಲಿಸಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕೆಲಸ ಕಲಿತವನು ನಾಳೆ ಯಾರ ಹಂಗಿನಲ್ಲೂ ಇರಬೇಕಿಲ್ಲ.

ಇನ್ನೊಂದು ತಮಾಷೆ ಕೇಳಿ. ಮುಖ ಪರಿಚಯವೇ ಇಲ್ಲದವನನ್ನು ಮದುವೆಯಾಗುತ್ತೀರಲ್ಲ ಅಂತ ಪರದೇಶದವರು ನಮ್ಮನ್ನು ನೋಡಿ ಬೆರಗಾಗುತ್ತಾರೆ. ಆದರೆ ಇದೇ ಮಿಶನ್ನಿನ ಎಷ್ಟೋ ಪಾದ್ರಿಗಳಿಗೆ ಹೆಣ್ಣು ಗೊತ್ತುಮಾಡಿ, ಆಡಳಿತ ಮಂಡಳಿಯ ಒಪ್ಪಿಗೆಯ ಮೇಲೆ ಯುರೋಪಿನಿಂದ ಹಡಗು ಹತ್ತಿಸಿ ಕಳಿಸುತ್ತಿದ್ದರು. ಎಷ್ಟೋ ವಧುಗಳು ಗಂಡನಾಗುವವನ ಮುಖ ಕಂಡದ್ದು ಹಡಗಿನಿಂದಿಳಿದ ಮೇಲೆಯೇ!

ನಮ್ಮ ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಬೇರೆಯೇ ಕಥೆ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು. ಗಂಡನೊಡನೆ ಬಾಳು ಸರಿಬಾರದಿದ್ದರೆ ತನ್ನ ಮನೆಗೆ ಬರಬಹುದಿತ್ತು, ಇನ್ನೊಂದು ಮದುವೆಯೂ ಉಂಟಿತ್ತು. ಬ್ರಿಟಿಷರ ಕಾಲದ ನ್ಯಾಯಾಲಯಗಳು ಇದನ್ನು ಮದುವೆಯೆಂದೇ ಒಪ್ಪಲಿಲ್ಲ; 1949ರ ಮದ್ರಾಸ್ ಕಾಯ್ದೆ ಬರಬೇಕಾಯಿತು. ಆ ಕಟ್ಟಿನಲ್ಲೂ ಹುಳುಕಿತ್ತು, ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದೇ. ಆದರೂ ಹೆಣ್ಣಿಗೆ ಮರಳಿ ಬರಲು ಒಂದು ಬಾಗಿಲಿತ್ತು.

ನನಗೆ ಅನ್ನಿಸುವುದು ಇಷ್ಟೇ. ಹಿರಿಯರು ನೋಡಿದ ಮದುವೆಯೋ, ತಾವೇ ಮೆಚ್ಚಿದ್ದೋ, ದೂರದ ವರನೋ ಹತ್ತಿರದವನೋ, ಅದಲ್ಲ ಮುಖ್ಯ. ಹುಡುಗಿ ಪ್ರಶ್ನೆ ಕೇಳಬಹುದೇ? ಬೇಡವೆಂದರೆ ನಡೆಯುತ್ತದೆಯೇ? ಹೋದ ಮೇಲೆ ತವರಿನ ಬಾಗಿಲು ತೆರೆದಿರುತ್ತದೆಯೇ? ಇವು ಇಲ್ಲದಿದ್ದರೆ ಎಷ್ಟು ಚಪ್ಪರ ಹಾಕಿದರೂ ಅದು ಮದುವೆಯಲ್ಲ. ವರದಕ್ಷಿಣೆ ಬೇಡವೆನ್ನುವವರೆಲ್ಲ ಮೋಸಗಾರರಲ್ಲ. ಇದೇ ದಾರಿಯಲ್ಲಿ ಮುಂದೆ ಹೋದರೆ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಅಲ್ಲಿ ತಾಳಿ ಕಟ್ಟುವುದು ಸಾವಿರಾರು ಜನರೆದುರು. ಅವಸರ, ಗುಟ್ಟು, ಎರಡೂ ಸೇರಿದರೆ ಮಾತ್ರ ಎಚ್ಚರ. ವರನ ಊರಿಗೆ ನೀವೇ ಹೋಗಿ ನೋಡಿ, ಮದುವೆ ನೋಂದಾಯಿಸಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಾತೇ ಬೇಡ. ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181.

ಸಂಜೆ ಬಸ್ಸಿಗೆ ಹೊರಟಾಗ ಆಕೆಯ ಮಗಳು ಎದುರಾದಳು. ಬಿ.ಸಿ.ರೋಡಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಇನ್ನೂ ಮದುವೆಯಾಗಿಲ್ಲ, ತಾಯಿಗೆ ಆ ಚಿಂತೆ ಇದ್ದೇ ಇದೆ. "ತಪ್ಪು ಮಾಡಿದೆನಾ ಅಕ್ಕಾ?" ಅಂತ ಮತ್ತೆ ಕೇಳಿದರು.

"ಇಲ್ಲ ಮಾರಾಯ್ತಿ, ದಿನಾ ಸಂಜೆ ಮಗಳು ಮನೆಗೆ ಬರ್ತಾಳಲ್ಲ" ಅಂದೆ.

ಆಕೆ ಉತ್ತರ ಕೊಡಲಿಲ್ಲ. ಮಗಳ ಕೈಯ ಚೀಲ ತೆಗೆದುಕೊಂಡು, ಚಾ ಬಿಸಿ ಮಾಡಲು ಒಳಗೆ ಹೋದರು.